ಉತ್ತರ ಕನ್ನಡ: ದೂರಕ್ಕೂ ಒಂದು ಲೆಕ್ಕ ಬೇಕು

ಉತ್ತರ ಕನ್ನಡ ಜಿಲ್ಲೆಯ ಬಗ್ಗೆ ಮಾತು ಬಂದಾಗಲೆಲ್ಲ ಮುಂದೆ ಬರುವ ಅಂಕಿ 140. ಒಂದು ಚದರ ಕಿಲೋಮೀಟರಿಗೆ ಇಷ್ಟು ಜನ ಎಂಬ ಲೆಕ್ಕ ಅದು. 2011ರ ಜನಗಣತಿಯಲ್ಲಿ ಸಿಕ್ಕ 14,37,169 ಜನರನ್ನು ಜಿಲ್ಲೆಯ 10,291 ಚದರ ಕಿ.ಮೀ. ವಿಸ್ತೀರ್ಣಕ್ಕೆ ಹಂಚಿದರೆ ಬರುವುದು ಅದೇ. ಇಡೀ ಕರ್ನಾಟಕದ ಸರಾಸರಿ 319. ಹಾಗಾಗಿ ಜನಸಾಂದ್ರತೆಯ ನಕ್ಷೆಯಲ್ಲಿ ಈ ಜಿಲ್ಲೆ ಕೊಡಗಿನ ಜೊತೆ ತೀರಾ ತಿಳಿ ಬಣ್ಣದಲ್ಲಿ ಕೂರುತ್ತದೆ, ‘ಜನವಸತಿ ವಿರಳ’ ಎಂಬ ಷರಾ ಅದಕ್ಕೆ ಅಂಟಿಕೊಳ್ಳುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಜಿಲ್ಲೆಯ ಜನ ಬದುಕುತ್ತಿರುವುದು ಒಂದೋ ಆ ಸರಾಸರಿಯ ಹಲವು ಪಟ್ಟು ಒತ್ತಾದ ಜಾಗದಲ್ಲಿ, ಇಲ್ಲವೇ ಅದರ ಐದನೇ ಒಂದು ಪಾಲಿನಷ್ಟು ವಿರಳವಾದ ಜಾಗದಲ್ಲಿ. ಆಸ್ಪತ್ರೆ, ರಸ್ತೆ, ಕಚೇರಿ, ಚುನಾವಣಾ ಕ್ಷೇತ್ರ ಎಲ್ಲವನ್ನೂ ತಲೆ ಎಣಿಸಿ ಹಂಚುವ ಆಡಳಿತ ಪದ್ಧತಿ ಇಂಥ ಜಿಲ್ಲೆಯನ್ನು ಪ್ರತಿ ಹತ್ತು ವರ್ಷಕ್ಕೊಮ್ಮೆ ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಎಷ್ಟು ಜನ ಇದ್ದಾರೆ ಎಂಬುದರ ಜೊತೆಗೆ, ಸರ್ಕಾರದ ಒಂದು ಸೇವೆ ಮುಟ್ಟಲು ಅವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅಳತೆಗೋಲಾಗಿ ಒಪ್ಪಿಕೊಳ್ಳುವವರೆಗೆ ಇದು ಸರಿಹೋಗುವುದಿಲ್ಲ.

ಜಿಲ್ಲೆಯ ಜನ ತಮ್ಮ ನೆಲವನ್ನು ಎರಡೇ ಮಾತಲ್ಲಿ ವಿಂಗಡಿಸುತ್ತಾರೆ: ಘಟ್ಟದ ಕೆಳಗೆ, ಘಟ್ಟದ ಮೇಲೆ. ಕೆಳಗಿನವು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಮೇಲಿನವು ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ, ಈಚೆಗೆ ತಾಲ್ಲೂಕಾದ ದಾಂಡೇಲಿ. ನಡುವೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಆ ಗೋಡೆಯನ್ನು ಕೊರೆದುಕೊಂಡು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಪಡುವಣಕ್ಕೆ ಇಳಿಯುತ್ತವೆ. ಮನುಷ್ಯರು ಹತ್ತಿ ಇಳಿಯಲು ಇರುವ ಮುಖ್ಯ ದಾರಿಗಳು ಬೆರಳೆಣಿಕೆಯಷ್ಟು: ಅಂಕೋಲಾ–ಯಲ್ಲಾಪುರ ನಡುವೆ ಅರಬೈಲು, ಕುಮಟಾ–ಶಿರಸಿ ನಡುವೆ ದೇವಿಮನೆ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆ, ಕಾರವಾರದಿಂದ ಜೋಯಿಡಾಕ್ಕೆ ಅಣಶಿ. ಕರಾವಳಿಯಲ್ಲಿ 3,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಮುಂಡಗೋಡ ಸೇರುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಒಂದೇ ಜಿಲ್ಲೆಯಲ್ಲಿ ಕಡಲ ಮೀನು, ಗದ್ದೆಯ ಕಗ್ಗ ಭತ್ತ, ಕಣಿವೆಯ ಅಡಿಕೆ, ಬಯಲಿನ ಜೋಳ–ಹತ್ತಿ ಎಲ್ಲ ಸಿಗುವುದು ಇದರಿಂದಲೇ. ಜಿಲ್ಲೆಯ ಸುಮಾರು ಐದನೇ ನಾಲ್ಕು ಪಾಲು ಅರಣ್ಯ ಎಂಬುದು ಎಲ್ಲರಿಗೂ ಗೊತ್ತು. ಉಳಿದ ಐದನೇ ಒಂದು ಪಾಲಿನಲ್ಲಿ ಹದಿನಾಲ್ಕು ಲಕ್ಷ ಜನ ಹೇಗೆ ಹಿಡಿಸಿದ್ದಾರೆ ಎಂದು ಕೇಳುವವರು ಕಡಿಮೆ.

ಹಾಗೆ ಕೇಳಿ ನೋಡೋಣ. ಅರಣ್ಯ ಬಿಟ್ಟರೆ ಉಳಿಯುವುದು ಹೆಚ್ಚುಕಡಿಮೆ 2,050 ಚದರ ಕಿ.ಮೀ. ಜನರನ್ನೆಲ್ಲ ಅಷ್ಟಕ್ಕೆ ಹಂಚಿದರೆ ಚದರ ಕಿಲೋಮೀಟರಿಗೆ ಸುಮಾರು 700 ಜನ ಆಗುತ್ತಾರೆ, ರಾಜ್ಯದ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಅರಣ್ಯವೆಂದು ದಾಖಲಾದ ನೆಲದಲ್ಲೂ ಜನ ಇದ್ದಾರೆ, ಆದ್ದರಿಂದ ಈ 700 ಕೂಡ ಕರಾರುವಾಕ್ಕಲ್ಲ, ಅಂದಾಜು ಮಾತ್ರ. ಆದರೂ ಕುಮಟಾ, ಹೊನ್ನಾವರ, ಭಟ್ಕಳಗಳ ಕಡಲಂಚಿನ ಪಟ್ಟಿ 140ಕ್ಕಿಂತ ಇದಕ್ಕೇ ಹತ್ತಿರ. ಅಲ್ಲಿ ಗುಡ್ಡದ ಬುಡಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕ ಸಪೂರ ನೆಲದಲ್ಲಿ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು ಹಳಿ, ತೆಂಗಿನ ತೋಟ, ಗದ್ದೆ, ಮೀನುಗಾರರ ಕೇರಿ, ಶಾಲೆ, ದೇವಸ್ಥಾನ, ಮಸೀದಿ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡಿವೆ. ಹೆದ್ದಾರಿ ಅಗಲ ಮಾಡಲು ಜಾಗ ಬೇಕೆಂದಾಗ ಒಂದೋ ಮನೆ ಹೋಗಬೇಕು, ಇಲ್ಲವೇ ಗುಡ್ಡ ಕಡಿಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಜಾರಿ, ಚಹಾ ಅಂಗಡಿಯ ಕುಟುಂಬವನ್ನೂ ಲಾರಿಗಳನ್ನೂ ಗಂಗಾವಳಿಗೆ ತಳ್ಳಿತು. ಕಡಿದ ಗುಡ್ಡಕ್ಕೂ ತುಂಬಿದ ಹೊಳೆಗೂ ಮಧ್ಯೆ ರಸ್ತೆ, ರಸ್ತೆಗೆ ಅಂಟಿಕೊಂಡು ಮನೆ–ಅಂಗಡಿ: ವಿರಳ ಎನಿಸಿಕೊಂಡ ಜಿಲ್ಲೆಯಲ್ಲಿ ಜನ ಎಷ್ಟು ಇಕ್ಕಟ್ಟಿನಲ್ಲಿದ್ದಾರೆ ಎಂಬುದು ಆವತ್ತು ಕಂಡಿತು.

ಸರಾಸರಿಯ ಇನ್ನೊಂದು ತುದಿ ಜೋಯಿಡಾ. ತಾಲ್ಲೂಕಿನ ವಿಸ್ತೀರ್ಣ ಸುಮಾರು 1,900 ಚದರ ಕಿ.ಮೀ., ಬೆಂಗಳೂರು ನಗರ ಜಿಲ್ಲೆಗಿಂತ ತುಸುವೇ ಚಿಕ್ಕದು. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲಿ 96 ಲಕ್ಷ ಜನರಿದ್ದರು. ಜೋಯಿಡಾದಲ್ಲಿ ಸುಮಾರು 52 ಸಾವಿರ. ಸಾಂದ್ರತೆ 27ರ ಆಸುಪಾಸು. ಆ ಐವತ್ತೆರಡು ಸಾವಿರವೂ ಒಂದೆಡೆ ಇಲ್ಲ. ಗೆಡ್ಡೆ–ಗೆಣಸು, ಭತ್ತ ಬೆಳೆಯುವ ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು, ಸಿದ್ದಿಗಳು, ಮರಾಠರು, ಅಡಿಕೆ ತೋಟದ ಹವ್ಯಕರು ನಾಲ್ಕು ಮನೆ, ಹತ್ತು ಮನೆಯ ಮಜರೆಗಳಲ್ಲಿ ಹರಡಿದ್ದಾರೆ. ಕಂದಾಯ ದಾಖಲೆಯಲ್ಲಿ ಒಂದೇ ಹೆಸರಿನ ಗ್ರಾಮಕ್ಕೆ ಐದಾರು ಮಜರೆಗಳು, ಮಜರೆಯಿಂದ ಮಜರೆಗೆ ಕಾಡು, ನಡುವೆ ಹಳ್ಳ. ಮಳೆಗಾಲಕ್ಕೆ ಮುಂಚೆ ಊರವರೇ ಸೇರಿ ಕಾಲುಸಂಕ ಕಟ್ಟುತ್ತಾರೆ. ಎರಡೋ ಮೂರೋ ಅಡಿಕೆ ಮರ ಅಥವಾ ಕಾಡು ಮರದ ದಿಮ್ಮಿಯನ್ನು ದಂಡೆಯಿಂದ ದಂಡೆಗೆ ಹಾಯಿಸಿ, ಬಳ್ಳಿಯಲ್ಲಿ ಬಿಗಿದು, ಕೈಗೆ ಆಧಾರವಾಗಿ ಒಂದು ಬಿದಿರು ಗಳ ಕಟ್ಟಿದರೆ ಸಂಕ ಆಯಿತು. ಆಷಾಢದ ನೀರಿಗೆ ಅದು ಹಾವಸೆ ಕಟ್ಟಿ ಜಾರುತ್ತದೆ, ದೊಡ್ಡ ನೆರೆ ಬಂದರೆ ಕೊಚ್ಚಿಹೋಗುತ್ತದೆ. ಶಾಲೆಯ ಮಕ್ಕಳು, ಹಾಲು ಕೊಡಲು ಹೋಗುವವರು, ಬಸುರಿಯರು ಅದರ ಮೇಲೇ ದಾಟಬೇಕು. ನಡೆಯಲಾಗದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುವುದು ಈ ಸೀಮೆಯಲ್ಲಿ ಹಳೆಯ ಕಾಲದ ಮಾತಾಗಿಲ್ಲ. ಒಂದು ಕಾಂಕ್ರೀಟ್ ಸಂಕದಿಂದ ಅನುಕೂಲವಾಗುವುದು ನಲವತ್ತು ಜನರಿಗೆ ಎಂದು ಕಡತದಲ್ಲಿ ಬರೆದ ಕೂಡಲೇ ಅದು ಸರದಿಯ ಕೊನೆಗೆ ಹೋಗುತ್ತದೆ. ಆ ನಲವತ್ತು ಜನರಿಗೆ ವರ್ಷದ ನಾಲ್ಕು ತಿಂಗಳು ಬೇರೆ ದಾರಿಯೇ ಇಲ್ಲ ಎಂಬುದನ್ನು ಬರೆಯಲು ಕಡತದಲ್ಲಿ ಅಂಕಣವಿಲ್ಲ.

ಜನ ಹೀಗೆ ಚದುರಿಕೊಂಡು ಏಕಿದ್ದಾರೆ, ಒಂದೆಡೆ ಸೇರಿ ಊರು ಕಟ್ಟಿಕೊಳ್ಳಬಾರದೇ ಎಂದು ಬಯಲುಸೀಮೆಯವರಿಗೆ ಅನ್ನಿಸುವುದು ಸಹಜ. ಬಯಲಿನಲ್ಲಿ ಕೆರೆಯ ಸುತ್ತ ಊರು, ಊರಿನ ಸುತ್ತ ಹೊಲ. ಮಲೆನಾಡಿನಲ್ಲಿ ನೆಲದ ಅಚ್ಚೇ ಬೇರೆ. ಅಡಿಕೆ ತೋಟ ಕಣಿವೆಯ ತಳದಲ್ಲಿ, ನೀರೊರತೆ ಇದ್ದಲ್ಲಿ ಮಾತ್ರ ಬರುತ್ತದೆ, ಆ ಕಣಿವೆ ಎಷ್ಟು ಅಗಲವೋ ತೋಟವೂ ಅಷ್ಟೇ. ತೋಟಕ್ಕೆ ಹಸಿ ಸೊಪ್ಪು, ದರಕು ಬೇಕು. ಅದಕ್ಕೆಂದೇ ಬ್ರಿಟಿಷರ ಕಾಲದಿಂದ ತೋಟಿಗರಿಗೆ ಸೊಪ್ಪಿನ ಬೆಟ್ಟದ ಹಕ್ಕು ಬಂದಿದೆ. ತೋಟದ ನೆತ್ತಿಗೆ ಮನೆ, ಮನೆಯ ಹಿಂದೆ ಬೆಟ್ಟ. ಒಂದು ಕಣಿವೆ ಒಂದೆರಡು ಕುಟುಂಬಗಳನ್ನು ಸಾಕಬಲ್ಲದು, ಮೂರನೆಯವರು ಮುಂದಿನ ಕಣಿವೆ ಹುಡುಕಿಕೊಳ್ಳಬೇಕು. ಕುಣಬಿಗಳ ಕುಮರಿ ಬೇಸಾಯ, ಗೌಳಿಗಳ ದನಗಾಹಿ ಬದುಕು ಇದಕ್ಕಿಂತಲೂ ಹೆಚ್ಚು ಹರವು ಕೇಳುತ್ತಿದ್ದವು. ಇಲ್ಲಿನ ನೆಲ, ನೀರು ಎಷ್ಟು ಜನರನ್ನು ಎಲ್ಲೆಲ್ಲಿ ಸಾಕಬಲ್ಲವೋ ಅಷ್ಟು ಜನ ಅಲ್ಲಲ್ಲಿ ನೆಲೆಸಿದ್ದಾರೆ. ಕಾಡು ಉಳಿದುಕೊಂಡಿದ್ದೂ ಬಹುಮಟ್ಟಿಗೆ ಈ ಹರವಿನಿಂದಲೇ. 1983ರಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಮರ ತಬ್ಬಿ ಅಪ್ಪಿಕೋ ಚಳವಳಿ ಆರಂಭಿಸಿದ್ದಕ್ಕೆ ಹಿಂದಿದ್ದುದು ಇದೇ ತಿಳಿವಳಿಕೆ: ಮೇಲಿನ ಬೆಟ್ಟ ಬೋಳಾದರೆ ಕೆಳಗಿನ ತೋಟದ ಒರತೆ ಬತ್ತುತ್ತದೆ.

‘ವಿರಳ ಜನವಸತಿ’ಯ ಷರಾ ಬರೀ ನಕ್ಷೆಯ ಬಣ್ಣವಾಗಿ ಉಳಿಯಲಿಲ್ಲ. ಸ್ವಾತಂತ್ರ್ಯಾನಂತರ ಈ ಜಿಲ್ಲೆಗೆ ಬಂದ ದೊಡ್ಡ ಯೋಜನೆಗಳನ್ನು ಸಾಲಾಗಿ ಇಟ್ಟು ನೋಡಿ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟಿದಾಗ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು, ನಿರಾಶ್ರಿತರಿಗೆ ರಾಮನಗರದಲ್ಲಿ ಜಾಗ ತೋರಿಸಲಾಯಿತು. ಅದೇ ಹೊಳೆಯ ಕೆಳಭಾಗದಲ್ಲಿ ಕೊಡಸಳ್ಳಿ, ಕದ್ರಾ ಜಲಾಶಯಗಳು ಬಂದವು, ಮತ್ತೆ ಊರು ಬಿಡಿಸುವ ಕೆಲಸ ನಡೆಯಿತು. ಕದ್ರಾದ ಹತ್ತಿರವೇ ಕೈಗಾ ಅಣು ವಿದ್ಯುತ್ ಕೇಂದ್ರ, ತಲಾ 220 ಮೆಗಾವಾಟಿನ ನಾಲ್ಕು ಘಟಕ. ಅಣು ಸ್ಥಾವರಕ್ಕೆ ಜಾಗ ಆರಿಸುವಾಗ ಸುತ್ತಮುತ್ತ ಜನ ಕಡಿಮೆ ಇರಬೇಕೆಂಬುದು ನಿಯಮವೇ ಆಗಿದೆ. ಕಾರವಾರ–ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಎದ್ದುಹೋದವು. ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯ ಅಲೆದವರು ಅವರಲ್ಲಿದ್ದಾರೆ. 2007ರಲ್ಲಿ ದಾಂಡೇಲಿ–ಅಣಶಿ ಕಾಡು ಹುಲಿ ಮೀಸಲು ಪ್ರದೇಶವಾಯಿತು, ಈಗದು ಕಾಳಿ ಹೆಸರಿನಲ್ಲಿದೆ. ಇವುಗಳಲ್ಲಿ ಒಂದೊಂದಕ್ಕೂ ರಾಷ್ಟ್ರದ ಅಗತ್ಯವೆಂಬ ಸಮರ್ಥನೆ ಇದೆ, ಕೆಲವನ್ನು ಒಪ್ಪಬಹುದು ಕೂಡ. ಒಪ್ಪಲಾಗದ್ದು ಇಷ್ಟು: ಪಡೆಯುವಾಗ ಜಿಲ್ಲೆಯನ್ನು ವಿಸ್ತೀರ್ಣದಿಂದ ಅಳೆದರು, ಹಿಂದಿರುಗಿಸುವಾಗ ಜನಸಂಖ್ಯೆಯಿಂದ ಅಳೆದರು. ಕಾಳಿಯ ನೀರಿನಿಂದಲೇ ಸಾವಿರಕ್ಕೂ ಹೆಚ್ಚು ಮೆಗಾವಾಟ್ ಹುಟ್ಟುತ್ತದೆ. ಆ ನೀರು ಹರಿಯುವ ತಾಲ್ಲೂಕಿಗೆ ವೈದ್ಯರನ್ನು ಕೊಡುವಾಗ ಮಾತ್ರ ತಲೆ ಎಣಿಕೆ ಶುರುವಾಗುತ್ತದೆ.

ಆ ಎಣಿಕೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ನಿಯಮದಲ್ಲಿ ಹತ್ತಿರದಿಂದ ನೋಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30 ಸಾವಿರ ಜನ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20 ಸಾವಿರ ಜನ ಎಂಬುದು ದೇಶದುದ್ದಕ್ಕೂ ಒಪ್ಪಿಕೊಂಡ ಮಾನದಂಡ. ರಿಯಾಯಿತಿಯ 20 ಸಾವಿರವನ್ನೇ ಹಿಡಿದರೂ ಜೋಯಿಡಾಕ್ಕೆ ಸಿಗುವುದು ಎರಡೋ ಮೂರೋ ಕೇಂದ್ರ. ಮೂರು ಎಂದುಕೊಂಡರೂ ಒಂದೊಂದರ ಪಾಲಿಗೆ 630 ಚದರ ಕಿ.ಮೀ. ಮೀರುತ್ತದೆ. ಅದನ್ನು ವೃತ್ತವೆಂದು ಭಾವಿಸಿದರೆ ಅಂಚಿನ ಮನೆ ಕೇಂದ್ರದಿಂದ ನೇರ ಗೆರೆಯಲ್ಲಿ 14 ಕಿ.ಮೀ. ದೂರ. ಘಟ್ಟದಲ್ಲಿ ನೇರ ಗೆರೆ ಎಂಬುದಿಲ್ಲ, ತಿರುವು, ಏರು, ಹಳ್ಳ ಸೇರಿ ಅದು ಇಪ್ಪತ್ತೈದು ಆದೀತು, ಅದರಲ್ಲಿ ಒಂದು ಪಾಲು ನಡಿಗೆ. ಕೆಲವೆಡೆ ನಿಯಮ ಸಡಿಲಿಸಿ ಕೇಂದ್ರ ಕೊಟ್ಟಿರುವುದುಂಟು. ಆದರೆ ಸಡಿಲಿಕೆಯಾಗಿ ಬಂದದ್ದು ಹಕ್ಕಾಗುವುದಿಲ್ಲ, ಹುದ್ದೆ ಖಾಲಿ ಬಿದ್ದಾಗ ಮೊದಲು ಖಾಲಿ ಉಳಿಯುವುದು ಅಂಥದ್ದೇ. ರಸ್ತೆಯದೂ ಇದೇ ಕಥೆ. 2000ದ ಕೊನೆಯಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಸಾಮಾನ್ಯವಾಗಿ 500 ಜನರ ಮೇಲಿನ ಜನವಸತಿಗೆ ಸರ್ವಋತು ರಸ್ತೆ ಎಂದಿತು. ಗುಡ್ಡಗಾಡು ರಾಜ್ಯ, ಮರುಭೂಮಿ, ಸಂವಿಧಾನದ ಐದನೇ ಪರಿಚ್ಛೇದದ ಬುಡಕಟ್ಟು ಪ್ರದೇಶಗಳಿಗೆ ಅದನ್ನು 250ಕ್ಕೆ ಇಳಿಸಿತು. ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ, ಐದನೇ ಪರಿಚ್ಛೇದದ ಪ್ರದೇಶವೂ ಇಲ್ಲಿಲ್ಲ. ಸಹ್ಯಾದ್ರಿ ಎಷ್ಟು ಕಡಿದಾಗಿದ್ದರೂ ರಾಜ್ಯದ ಸರಾಸರಿಯಲ್ಲಿ ಅದು ಬಯಲಾಗಿಬಿಟ್ಟಿತು.

ದೊಡ್ಡ ಆಸ್ಪತ್ರೆಯ ವಿಷಯದಲ್ಲಿ ಈ ಕೊರತೆ ಪ್ರಾಣಕ್ಕೇ ಬಂದಿದೆ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದು ಜಿಲ್ಲೆಯ ವಾಯವ್ಯ ಮೂಲೆ. ಹೃದಯಾಘಾತ, ತಲೆಗೆ ಪೆಟ್ಟು ಎಂದಾಗ ದಕ್ಷಿಣದವರು ಮಣಿಪಾಲ–ಮಂಗಳೂರಿಗೆ, ಮೂಡಣದವರು ಹುಬ್ಬಳ್ಳಿಗೆ, ಉತ್ತರದವರು ಗೋವಾದ ಬಾಂಬೋಳಿಗೆ ಓಡುತ್ತಾರೆ. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿ.ಮೀ.ಗೂ ಹೆಚ್ಚು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮನೆಮನೆಯಿಂದ ಎದ್ದಿತು. ಹದಿನಾಲ್ಕು ಲಕ್ಷ ಜನರಿಗೆ ಅಂಥ ಆಸ್ಪತ್ರೆ ಗಿಟ್ಟುವುದಿಲ್ಲ, ವೈದ್ಯರು ಬಂದು ನಿಲ್ಲುವುದಿಲ್ಲ ಎಂಬುದು ಆಗಾಗ ಕೇಳಿಬರುವ ಉತ್ತರ. ಗಿಟ್ಟುವ ಲೆಕ್ಕವನ್ನು ಖಾಸಗಿಯವರು ಹಾಕಲಿ. ಸರ್ಕಾರ ಹಾಕಬೇಕಾದ ಲೆಕ್ಕ ಬೇರೆ: ಭಟ್ಕಳದಿಂದ ಮುಂಡಗೋಡದವರೆಗೆ ಎಷ್ಟು ಜನ ಹೃದಯ ತಜ್ಞರಿಂದ ಎರಡು ಗಂಟೆಗಿಂತ ದೂರದಲ್ಲಿದ್ದಾರೆ? ಈ ಪ್ರಶ್ನೆ ಇಟ್ಟುಕೊಂಡರೆ ಆಸ್ಪತ್ರೆ ಬೇಕೋ ಬೇಡವೋ ಎಂಬ ಚರ್ಚೆ ಮುಗಿದು, ಕುಮಟಾದಲ್ಲೋ ಶಿರಸಿಯಲ್ಲೋ ಎಂಬ ಚರ್ಚೆ ಶುರುವಾಗುತ್ತದೆ. ಅದು ನಡೆಯಬೇಕಾದ ಚರ್ಚೆ.

ಮುಂದಿನ ಜನಗಣತಿಯಲ್ಲಿ ಈ ತಲೆ ಎಣಿಕೆಯ ಪಟ್ಟು ಇನ್ನೂ ಬಿಗಿಯಾಗಲಿದೆ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಬೆಳೆಯಿತು, ಉತ್ತರ ಕನ್ನಡದ್ದು ಶೇ 6.2ರಷ್ಟು ಮಾತ್ರ. ಮಲೆನಾಡಿನ ಬೇರೆ ಜಿಲ್ಲೆಗಳಲ್ಲಿ ಕೊಡಗು ಶೇ 1ರ ಹತ್ತಿರ ನಿಂತಿತು, ಚಿಕ್ಕಮಗಳೂರಿನ ಜನಸಂಖ್ಯೆ ಕೊಂಚ ಇಳಿದೇಹೋಯಿತು. ಚಿಕ್ಕ ಸಂಸಾರ, ಶೇ 84ರ ಸಾಕ್ಷರತೆ, ಓದಿದ ಮಕ್ಕಳು ಬೆಂಗಳೂರಿಗೆ ಹೋಗುವುದು, ಹಳ್ಳಿಗಳಲ್ಲಿ ಅಪ್ಪ–ಅಮ್ಮ ಇಬ್ಬರೇ ಉಳಿಯುವುದು, ಎಲ್ಲ ಸೇರಿ ಆದದ್ದಿದು. ರಾಜ್ಯದ ಜನಸಂಖ್ಯೆಯಲ್ಲಿ ಜಿಲ್ಲೆಯ ಪಾಲು 2001ರಲ್ಲಿ ಶೇ 2.56 ಇದ್ದದ್ದು 2011ಕ್ಕೆ ಶೇ 2.35ಕ್ಕೆ ಬಂತು. ವಿಸ್ತೀರ್ಣದ ಪಾಲು ಮಾತ್ರ ಶೇ 5.4ರಲ್ಲೇ ಇದೆ, ನೆಲ ಕುಗ್ಗುವುದಿಲ್ಲವಲ್ಲ. ವಿಧಾನಸಭೆಯ 224 ಸ್ಥಾನಗಳಲ್ಲಿ ಈಗ ಜಿಲ್ಲೆಗೆ ಆರು. ಬರೀ ಜನಸಂಖ್ಯೆಯಿಂದ ಹಂಚಿದರೆ 2001ರ ಅಂಕಿಯಂತೆ 5.7 ಬರುತ್ತಿತ್ತು, 2011ರ ಅಂಕಿಯಂತೆ 5.3 ಬರುತ್ತದೆ. 2027ರ ಗಣತಿಯ ನಂತರ ಕ್ಷೇತ್ರ ಮರುವಿಂಗಡಣೆಯಾದಾಗ ಒಂದು ಸ್ಥಾನ ಕಳಚುವ ಸಾಧ್ಯತೆ ಕಣ್ಣೆದುರೇ ಇದೆ. ಈಗಲೇ ಲೋಕಸಭಾ ಕ್ಷೇತ್ರಕ್ಕೆ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳು ಸಾಲದೆ ಬೆಳಗಾವಿಯ ಖಾನಾಪುರ, ಕಿತ್ತೂರುಗಳನ್ನು ಸೇರಿಸಲಾಗಿದೆ. ಭಟ್ಕಳದ ಮೀನುಗಾರನಿಗೂ ಕಿತ್ತೂರಿನ ರೈತನಿಗೂ ಒಬ್ಬರೇ ಸಂಸದರು. ಇಬ್ಬರ ಅಹವಾಲಿನ ನಡುವೆ ಒಂದು ಸಹ್ಯಾದ್ರಿಯೇ ಇದೆ.

ದಕ್ಷಿಣದ ರಾಜ್ಯಗಳು ದಿಲ್ಲಿಯ ಮುಂದೆ ಇಡುತ್ತಿರುವ ವಾದವೂ ಇದೇ ಅಲ್ಲವೇ? ಕುಟುಂಬ ಯೋಜನೆ ಪಾಲಿಸಿದ್ದಕ್ಕೆ ನಮಗೆ ಸ್ಥಾನ ಕಡಿಮೆ ಮಾಡಬೇಡಿ ಎಂದು ಕರ್ನಾಟಕ ಕೇಳುತ್ತಿದೆ, ನ್ಯಾಯವಾಗಿಯೇ ಕೇಳುತ್ತಿದೆ. ಆ ನ್ಯಾಯ ರಾಜ್ಯದ ಗಡಿಯೊಳಗೂ ನಡೆಯಬೇಕು. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಜನಸಂಖ್ಯೆಗೆ ಶೇ 15ರ ತೂಕ ಕೊಟ್ಟಿತು, ವಿಸ್ತೀರ್ಣಕ್ಕೂ ಅಷ್ಟೇ ಶೇ 15, ಅರಣ್ಯ ಮತ್ತು ಪರಿಸರಕ್ಕೆ ಶೇ 10, ಜನಸಂಖ್ಯೆ ಹತೋಟಿಯಲ್ಲಿಟ್ಟ ಸಾಧನೆಗೆ ಶೇ 12.5. ವಿಸ್ತೀರ್ಣ ದೊಡ್ಡದಾದಷ್ಟೂ ಆಡಳಿತದ ಖರ್ಚು ಹೆಚ್ಚು, ಕಾಡು ಉಳಿಸಿಕೊಂಡವರಿಗೆ ಬೇರೆ ಆದಾಯದ ದಾರಿ ಕಡಿಮೆ ಎಂಬ ಸರಳ ಸತ್ಯವನ್ನು ದೇಶದ ಮಟ್ಟದಲ್ಲಿ ಒಪ್ಪಿಕೊಂಡಾಗಿದೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಹಣ, ಹುದ್ದೆ ಹರಿಯುವಾಗ ಆ ಸತ್ಯ ಅದೇ ತೂಕದಲ್ಲಿ ಇಳಿದು ಬರಬೇಕು. ಇಲ್ಲಿ ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಎಂದು ಹೇಳಿ, ಉತ್ತರ ಕನ್ನಡವೂ ಸೇರಿದಂತೆ ಮಲೆನಾಡಿನ ಜಿಲ್ಲೆಗಳಿಗೆ ಎರಡೂವರೆ ಸಾವಿರ ಸಾಕೆಂದಿತು. ಅಷ್ಟಕ್ಕೇ ನಿಲ್ಲದೆ, ಜನಸಂಖ್ಯೆ ಎಷ್ಟೇ ಇರಲಿ, ಗ್ರಾಮದ ನಡುವಿನಿಂದ ಐದು ಕಿಲೋಮೀಟರ್ ತ್ರಿಜ್ಯದ ಪ್ರದೇಶವನ್ನೇ ಪಂಚಾಯಿತಿ ಮಾಡಲು ಅವಕಾಶ ಇಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ಶಾಲೆ ಮಗುವಿನ ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕವಾದರೆ ಮೂರು ಕಿಲೋಮೀಟರ್ ಒಳಗೆ ಇರಬೇಕೆನ್ನುತ್ತದೆ. ದೂರವನ್ನು ಅಳೆದು ನಿಯಮ ಮಾಡಲು ಬರುತ್ತದೆ ಎಂಬುದಕ್ಕೆ ಇಷ್ಟು ಸಾಕು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಜಿಲ್ಲೆಯ ಸರಾಸರಿ ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದ್ದೂ ಸರಾಸರಿಯ ಮೋಸ ತಿಳಿದೇ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಮಜರೆಯವರೆಗೆ ಹೋಗಬೇಕಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಾನತೆಯದು. ಜೋಯಿಡಾದ ಒಬ್ಬರ ಮೇಲೆ ಮಾಡುವ ಖರ್ಚಿನಲ್ಲಿ ಕಲಬುರಗಿಯಲ್ಲೋ ಬೆಂಗಳೂರಿನ ಕೊಳೆಗೇರಿಯಲ್ಲೋ ಹತ್ತು ಜನರಿಗೆ ಅನುಕೂಲ ಮಾಡಬಹುದು, ಅವರೂ ಬಡವರೇ, ಹಾಗಿರುವಾಗ ಕಡಿಮೆ ಜನರಿಗೆ ಹೆಚ್ಚು ಹಣ ಏಕೆ ಎಂಬ ಪ್ರಶ್ನೆ. ಇದು ತೂಕದ ಪ್ರಶ್ನೆ, ತಳ್ಳಿಹಾಕಲಾಗದು. ಉತ್ತರ ಎರಡು. ತಲಾ ಖರ್ಚು ಸಮನಾಗಿದ್ದರೆ ಸೇವೆ ಸಮನಾಗುತ್ತದೆ ಎಂಬ ಊಹೆಯೇ ತಪ್ಪು. ಒಂದು ಲಸಿಕೆ ಎಲ್ಲಿ ಕೊಟ್ಟರೂ ಅದೇ ಲಸಿಕೆ, ಅದನ್ನು ಮಜರೆಗೆ ಒಯ್ಯುವ ನರ್ಸ್‌ಗೆ ಒಂದು ದಿನ ಹಿಡಿದರೆ ಆ ದಿನದ ಸಂಬಳವೂ ಲಸಿಕೆಯ ಬೆಲೆಯೇ. ಎರಡನೆಯದು, ಲಾಭದ ಪಟ್ಟಿಯಲ್ಲಿ ಆ ಕಡಿಮೆ ಜನ ಮಾತ್ರ ಇಲ್ಲ. ಕಾಳಿಯ ಜಲಾಶಯಕ್ಕೆ ನೀರು ಹಿಡಿದಿಡುವ ಕಾಡು, ಅಘನಾಶಿನಿಯ ಅಳಿವೆಗೆ ಸಿಹಿನೀರು ಕೊಡುವ ಬೆಟ್ಟ, ರಾಜ್ಯದ ಮುಂಗಾರನ್ನು ತಡೆದು ನಿಲ್ಲಿಸುವ ಘಟ್ಟ, ಇವುಗಳ ಫಲ ಉಣ್ಣುವವರು ಕೋಟಿಗಟ್ಟಲೆ ಇದ್ದಾರೆ. ಆ ಕಾಡಿನೊಳಗೆ ಬದುಕುವುದಕ್ಕೆ ತೆರುತ್ತಿರುವ ಬೆಲೆ ಮಾತ್ರ ಕೆಲವೇ ಸಾವಿರ ಜನರದು.

ಎರಡನೆಯ ಆಕ್ಷೇಪ ಜಿಲ್ಲೆಯೊಳಗಿಂದಲೇ ಬರುತ್ತದೆ: ಜಿಲ್ಲೆ ಒಡೆಯಿರಿ, ಶಿರಸಿಯನ್ನು ಕೇಂದ್ರ ಮಾಡಿ, ಸಮಸ್ಯೆ ಅರ್ಧ ಮುಗಿಯುತ್ತದೆ. ಈ ಬೇಡಿಕೆಗೆ ಆಧಾರವಿದೆ. 1862ರಲ್ಲಿ ಈ ಭಾಗ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋದಾಗ ಕಾರವಾರಕ್ಕೆ ಮಹತ್ವ ಬಂದದ್ದು ಅದರ ಬಂದರಿನಿಂದ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಿದ್ದಿದ್ದ ದಿನಗಳವು, ಧಾರವಾಡ ಸೀಮೆಯ ಹತ್ತಿ ಹಡಗು ಹತ್ತಲು ಬಂದರು ಬೇಕಿತ್ತು. 1880ರ ದಶಕದಲ್ಲಿ ರೈಲು ಮಾರ್ಮಗೋವಾ ಕಡೆಗೆ ತಿರುಗಿದ ಮೇಲೆ ಆ ವ್ಯಾಪಾರವೂ ಕುಗ್ಗಿತು, ಜಿಲ್ಲಾ ಕಚೇರಿ ಮಾತ್ರ ಮೂಲೆಯಲ್ಲೇ ಉಳಿಯಿತು. ಸಿದ್ದಾಪುರದವರು, ಮುಂಡಗೋಡದವರು ಒಂದು ಸಹಿಗಾಗಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಘಟ್ಟ ಇಳಿದು ಹತ್ತುವುದು ಇಂದಿಗೂ ತಪ್ಪಿಲ್ಲ. ಶಿರಸಿ ಜಿಲ್ಲೆಯಾದರೆ ಅವರಿಗೆ ಅನುಕೂಲ, ಅದನ್ನು ವಿರೋಧಿಸಲು ಕಾರಣ ಕಾಣದು. ಆದರೆ ಜೋಯಿಡಾಕ್ಕೆ ಶಿರಸಿಯೇನೂ ಹತ್ತಿರವಲ್ಲ. ಮೇಲಾಗಿ, ಎರಡು ಜಿಲ್ಲೆ ಮಾಡಿ ಎರಡಕ್ಕೂ ಅದೇ ತಲೆ ಎಣಿಕೆಯ ನಿಯಮ ಹಚ್ಚಿದರೆ ಏಳೆಂಟು ಲಕ್ಷ ಜನರ ಎರಡು ಬಡ ಜಿಲ್ಲೆಗಳಾಗುತ್ತವೆ. ಕಚೇರಿಯ ಕಟ್ಟಡ ಹತ್ತಿರ ಬರುತ್ತದೆ, ಅದರೊಳಗಿನ ಕುರ್ಚಿ ಖಾಲಿ ಉಳಿಯುತ್ತದೆ. ನಿಯಮ ಬದಲಾದ ಮೇಲೆ ಬೇಕಾದರೆ ಗಡಿ ಬದಲಾಗಲಿ.

ಪರಿಸರದ ಕಾಳಜಿಯುಳ್ಳವರ ಆಕ್ಷೇಪ ಇನ್ನೂ ಗಂಭೀರ. ದೂರ ಕಡಿಮೆ ಮಾಡುವುದೆಂದರೆ ರಸ್ತೆ ಅಗಲ ಮಾಡುವುದು, ಕಾಡು ಕಡಿಯುವುದು ಎಂದಾಗುತ್ತದೆ, ಹಾಗೆ ಮಾಡಿದ್ದರ ಫಲವೇ ಅಂಕೋಲಾದ ಶಿರೂರಿನ ಗುಡ್ಡ ಕುಸಿತ ಎನ್ನುತ್ತಾರೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದದ್ದನ್ನೂ ನೆನಪಿಸುತ್ತಾರೆ. ಅವರ ಭಯಕ್ಕೆ ಪುರಾವೆ ಕಣ್ಣೆದುರೇ ಇದೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದಿಂದ ಕಾಡಿನ ಪ್ರಶ್ನೆಗೆ ಸಿಕ್ಕಿ ನಿಂತಿದೆ. ಆ ಮಾರ್ಗದ ಪರ ಮಾತಾಡುವವರೂ ಅದಿರು, ಸರಕು ಸಾಗಣೆಯ ಲೆಕ್ಕ ಹೇಳಿದಷ್ಟು ಹಳ್ಳಿಗರ ಲೆಕ್ಕ ಹೇಳಿಲ್ಲ. ಆದ್ದರಿಂದ ಬಿಡಿಸಿ ಹೇಳಬೇಕು: ಜನರಿಗೆ ಬೇಕಾದ ದೂರದ ಲೆಕ್ಕಕ್ಕೂ ಸರಕಿಗೆ ಬೇಕಾದ ಹೆದ್ದಾರಿಯ ಲೆಕ್ಕಕ್ಕೂ ಸಂಬಂಧ ತೀರಾ ಕಡಿಮೆ. ಹತ್ತು ಮನೆಯ ಮಜರೆಗೆ ಬೇಕಿರುವುದು ನಾಲ್ಕು ಪಥದ ದಾರಿಯಲ್ಲ, ಹಳ್ಳಕ್ಕೆ ಒಂದು ಗಟ್ಟಿ ಸಂಕ, ಅಲ್ಲಿಯವರೆಗೆ ಜೀಪು ಬರುವ ದಾರಿ, ವಾರಕ್ಕೊಮ್ಮೆ ತಪ್ಪದೆ ಬರುವ ವೈದ್ಯರ ಗಾಡಿ, ತಿಂಗಳಿಗೊಮ್ಮೆ ಪಂಚಾಯಿತಿಯಲ್ಲೇ ಕೂತು ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ ಮುಗಿಸಿಕೊಡುವ ತಹಶೀಲ್ದಾರರ ಕಚೇರಿ, ಹೆರಿಗೆಯ ದಿನ ಹತ್ತಿರ ಬಂದವರು ಪೇಟೆಯಲ್ಲಿ ಬಂದಿರಲು ಒಂದು ಕೋಣೆ. ಇವುಗಳಿಗೆ ಕಡಿಯಬೇಕಾದ ಮರ ಎಷ್ಟು? ಎಲ್ಲವೂ ಮೊಬೈಲ್‌ನಲ್ಲೇ ಸಿಗುವ ಕಾಲದಲ್ಲಿ ದೂರದ ಮಾತೇಕೆ ಎನ್ನುವವರು, 2020ರ ಲಾಕ್‌ಡೌನ್‌ನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿ ಕೂತದ್ದನ್ನು ಮರೆಯಬಾರದು.

ಕಾಡಿನೊಳಗಿನವರನ್ನು ಹೊರಗೆ ತಂದು ನೆಲೆಗೊಳಿಸಿದರೆ ಅವರಿಗೂ ಹುಲಿಗೂ ಒಳ್ಳೆಯದು ಎಂಬುದು ಕೊನೆಯ ವಾದ. ಹುಲಿ ಮೀಸಲು ಪ್ರದೇಶದಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಈಗ 15 ಲಕ್ಷ ರೂಪಾಯಿ ಕೊಡುವ ನಿಯಮವಿದೆ. ಹೋಗಬೇಕೆನ್ನುವವರಿಗೆ ಅದು ವಿಳಂಬವಿಲ್ಲದೆ, ಮರ್ಯಾದೆಯಿಂದ ಸಿಗಬೇಕು. ಮಕ್ಕಳ ಓದಿಗಾಗಿ ಹಾಗೆ ಹೊರಡಲು ಮನಸ್ಸು ಮಾಡುವ ಎಳೆಯ ದಂಪತಿಗಳು ಇರುತ್ತಾರೆ. ಆದರೆ ಶಾಲೆಗೆ ಶಿಕ್ಷಕರನ್ನು ಕೊಡದೆ, ಸಂಕ ಕಟ್ಟಲು ಅನುಮತಿ ತಡೆದು, ಕರೆಂಟು ಎಳೆಯಲು ಬಿಡದೆ, ಬೇಸತ್ತು ಹೊರಟವರ ಅರ್ಜಿಯಲ್ಲಿ ಸ್ವಇಚ್ಛೆ ಎಂದು ಬರೆಸಿಕೊಂಡರೆ ಅದು ಇಚ್ಛೆಯಾಗದು. 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಕುಡಿಯುವ ನೀರು, ರಸ್ತೆಗಳಂಥ ಸೌಕರ್ಯಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಲು ದಾರಿ ಮಾಡಿದೆ. ಹೆಕ್ಟೇರಿಗೆ 75 ಮರಗಳ ಮಿತಿಯನ್ನೂ ಅದೇ ಹಾಕಿದೆ. ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ದಾಖಲೆ ಕೊಡಲಾಗದೆ ಭೂಮಿಯ ಹಕ್ಕಿನ ಅರ್ಜಿ ತಿರಸ್ಕೃತವಾದ ಅರಣ್ಯವಾಸಿಗಳು ಈ ಜಿಲ್ಲೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಹಕ್ಕಿನ ತೀರ್ಮಾನ ಏನೇ ಆಗಲಿ, ಅಲ್ಲಿಯವರೆಗೆ ಅವರ ಮಕ್ಕಳು ನಡೆಯುವ ದಾರಿಗೆ ಕಾಯ್ದೆಯ ಆ ಒಂದು ಕಲಮು ಸಾಕು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಈ ಬಾರಿಯ ಜನಗಣತಿ ಕಾಗದದ ಬದಲು ಮೊಬೈಲ್ ಆ್ಯಪ್‌ನಲ್ಲಿ ನಡೆಯುವಂಥದ್ದು, ಜನರ ಎಣಿಕೆಗೆ ಗೊತ್ತಾದದ್ದು 2027ರ ಫೆಬ್ರುವರಿ. ಗಣತಿದಾರರಾದ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಜೋಯಿಡಾದ, ಸಿದ್ದಾಪುರದ ಪ್ರತಿ ಮನೆಯ ಅಂಗಳ ತುಳಿಯಬೇಕು. ಅದು ಕೇಂದ್ರದ ಗಣತಿ, ಅದರ ಪ್ರಶ್ನೆಗಳನ್ನು ರಾಜ್ಯ ಬದಲಿಸಲಾಗದು. ಆದರೆ ರಾಜ್ಯ ಸರ್ಕಾರ ಅದರ ಬೆನ್ನಲ್ಲೇ ತನ್ನದೇ ಚಿಕ್ಕ ಸಮೀಕ್ಷೆಯೊಂದನ್ನು ಮಲೆನಾಡಿನ ಮಜರೆಗಳಲ್ಲಿ ಪಂಚಾಯಿತಿಗಳ ಮೂಲಕ ನಡೆಸಬಹುದು. ನಾಲ್ಕೇ ಪ್ರಶ್ನೆ ಸಾಕು: ಈ ಮನೆಯಿಂದ ವೈದ್ಯರು, ಪ್ರೌಢಶಾಲೆ, ಪಡಿತರ ಅಂಗಡಿ, ತಹಶೀಲ್ದಾರರ ಕಚೇರಿಗೆ ಹೋಗಲು ಬೇಸಿಗೆಯಲ್ಲಿ ಎಷ್ಟು ಹೊತ್ತು, ಮಳೆಗಾಲದಲ್ಲಿ ಎಷ್ಟು ಹೊತ್ತು, ಅದರಲ್ಲಿ ನಡಿಗೆ ಎಷ್ಟು, ವರ್ಷದಲ್ಲಿ ಎಷ್ಟು ದಿನ ದಾರಿ ಬಂದ್? ಮಜರೆಗೊಂದು ಸಾಲಿನಂತೆ ಆ ಉತ್ತರಗಳು ಜಿಲ್ಲಾ ಪಂಚಾಯಿತಿಯ ಕಡತಕ್ಕೆ ಬಂದರೆ, ಹುದ್ದೆ ತುಂಬುವಾಗ, ಸಂಕಕ್ಕೆ ಹಣ ಬಿಡುಗಡೆ ಮಾಡುವಾಗ, ಶಾಲೆ ವಿಲೀನದ ಪ್ರಸ್ತಾಪ ಬಂದಾಗ, ಮುಂದಿನ ರಾಜ್ಯ ಹಣಕಾಸು ಆಯೋಗ ಅನುದಾನದ ಸೂತ್ರ ಬರೆಯುವಾಗ ಜನಸಂಖ್ಯೆಯ ಅಂಕಣದ ಪಕ್ಕದಲ್ಲಿ ಇಡಲು ಇನ್ನೊಂದು ಅಂಕಣ ಸಿದ್ಧವಿರುತ್ತದೆ. ಆ ಸಮೀಕ್ಷೆಗೆ ಹೊರಡುವವರಿಗೆ ಒಂದೇ ಷರತ್ತು ಹಾಕಬೇಕು: ಬೇಸಿಗೆಯಲ್ಲಿ ಒಮ್ಮೆ ಹೋದ ಮನೆಗಳಿಗೆ ಜುಲೈಯಲ್ಲಿ ಇನ್ನೊಮ್ಮೆ ಹೋಗಿ ಬರೆದುಕೊಳ್ಳಬೇಕು.